ಕಸಿ ಕತ್ತರಿ ಯಾರ ಕೈಯಲ್ಲಿದೆ?

ಸುಗ್ಗಿ ಮುಗಿದು, ಕಣದಲ್ಲಿದ್ದ ಚೆರಿ ಮೂಟೆ ಸೇರಿ, ಅಡಿಕೆಯ ಕೊನೆ ಕೊಯ್ಲಿನ ಲೆಕ್ಕವೂ ಆದ ಮೇಲೆ ನಮ್ಮ ಸದಸ್ಯ ಬಾಂಧವರು ಸಂಘದ ಜಗಲಿಯಲ್ಲಿ ಸೇರಿದಾಗ ಎರಡೇ ಮಾತು. ಒಂದು ಧಾರಣೆ, ಇನ್ನೊಂದು ಹೂಮಳೆ. ಈ ಎರಡೂ ನಮ್ಮ ಕೈಯಲ್ಲಿಲ್ಲ. ಧಾರಣೆ ಲಂಡನ್, ನ್ಯೂಯಾರ್ಕ್ ಪೇಟೆಗಳ ಮರ್ಜಿ. ಮಳೆ ಮೇಲಿನವನ ಮರ್ಜಿ. ನಮ್ಮ ಕೈಯಲ್ಲೇ ಇರುವ ಮೂರನೆಯದೊಂದುಂಟು. ಅದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅದು ಕಸಿ.

ಬಯಲುಸೀಮೆಯವರಿಗೆ ಕಸಿ ಎಂದರೆ ಮಾವಿನ ಗಿಡಕ್ಕೆ ಬೇರೆ ಜಾತಿಯ ರೆಂಬೆ ಕೂಡಿಸುವುದು. ಕಾಫಿ ಸೀಮೆಯ ನಮಗೆ ಕಸಿ ಎಂದರೆ ಬೇಡದ ರೆಕ್ಕೆಯನ್ನು ತೆಗೆದು ಬೇಕಾದ ರೆಕ್ಕೆಯನ್ನು ಉಳಿಸುವುದು. ಗಿಡದ ಮುಂದಿನ ಎರಡು ಮೂರು ವರ್ಷದ ಬಾಳನ್ನು ಇಂದೇ ತೀರ್ಮಾನಿಸುವುದು. ಈ ವಿದ್ಯೆ ನಮ್ಮ ಊರುಗಳಿಂದ ಸದ್ದಿಲ್ಲದೆ ಹೊರಟುಹೋಗುತ್ತಿದೆ ಎಂಬುದು ನಮ್ಮ ಆತಂಕ. ಗೊಬ್ಬರದ ಬೆಲೆ ಏರಿದರೆ ಗದ್ದಲ ಮಾಡುತ್ತೇವೆ, ಆಳಿನ ಅಭಾವವಾದರೆ ಗೋಳಾಡುತ್ತೇವೆ. ಕಸಿ ಬಲ್ಲ ಕೈಗಳು ಒಂದೊಂದಾಗಿ ಮರೆಯಾದರೆ ಮಾತ್ರ ನಮಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವಾಗ ಗಿಡ ಬರಡಾಗಿರುತ್ತದೆ.

ನಮ್ಮ ತೋಟದಲ್ಲೇ ಆದದ್ದು

ಬೇರೆಯವರ ತಪ್ಪನ್ನು ಎತ್ತಿ ಆಡುವ ಮೊದಲು ನಮ್ಮ ತಪ್ಪನ್ನು ಹೇಳಿಕೊಳ್ಳುವುದು ನ್ಯಾಯ. ನಮ್ಮದು ಮೂರು ಎಕರೆಯ ಇಳಿಜಾರು, ಎಸ್. 795 ಅರೇಬಿಕಾ. 2022ರ ಸುಗ್ಗಿ ಮುಗಿದಾಗ ಕಸಿಗೆ ಆಳು ಸಿಗಲಿಲ್ಲ. ಯಾರೋ ಒಬ್ಬರು ಗಿಡಕ್ಕೆ ಇಷ್ಟು ಎಂದು ಗುತ್ತಿಗೆ ಮಾತಾಡಿ ಒಂದು ತಂಡವನ್ನು ಕರೆತಂದರು. ಲೆಕ್ಕ ಹಾಕಿದರೆ ದಿನಗೂಲಿಗಿಂತ ಅಗ್ಗ. ಒಪ್ಪಿಕೊಂಡೆವು. ಅದೇ ವಾರ ನೆಂಟರ ಮನೆಯಲ್ಲಿ ಮದುವೆ. ಮುಗಿಸಿ ಬರುವಷ್ಟರಲ್ಲಿ ಕೆಲಸವೇ ಮುಗಿದುಹೋಗಿತ್ತು. ತೋಟ ಗುಡಿಸಿ ಒರೆಸಿದ ಅಂಗಳದಂತೆ ಚೊಕ್ಕಟ. ನೋಡಿ ಹಿಗ್ಗಿದೆವು, ಹಣ ಎಣಿಸಿ ಕೊಟ್ಟೆವು.

ಎರಡು ದಿನದ ನಂತರ ನಮ್ಮ ತಂದೆಯವರ ಕಾಲದಿಂದ ತೋಟದಲ್ಲಿ ಕಸಿ ಮಾಡುತ್ತಿದ್ದ ಹಿರಿಯರು ಬಂದರು. ಎಪ್ಪತ್ತು ದಾಟಿದವರು, ಮಂಡಿನೋವಿನಿಂದ ಕೆಲಸ ಬಿಟ್ಟವರು. ಸಾಲಿನೊಳಗೆ ನಡೆದು ಹೋಗಿ, ನೆಲದಲ್ಲಿ ಬಿದ್ದಿದ್ದ ಒಂದು ರೆಕ್ಕೆಯನ್ನು ಎತ್ತಿ ಅದರ ಬುಡವನ್ನು ನಮಗೆ ತೋರಿಸಿದರು.

"ಅಯ್ಯಾ, ಇದು ಕಂಬದಿಂದಲೇ ಹೊರಟ ರೆಕ್ಕೆ. ಇದು ಮತ್ತೆ ಬರೋದಿಲ್ಲ."

"ಪಕ್ಕದಲ್ಲಿ ಬೇರೆ ಚಿಗುರು ಬರ್ತದಲ್ಲ ಮೇಸ್ತ್ರಿ?" ಎಂದೆವು.

"ಬರೋದು ಕಂಬಚಿಗುರು. ರೆಕ್ಕೆ ಅಲ್ಲ."

ಅಷ್ಟೇ ಹೇಳಿದ್ದು. ಬೈಯಲಿಲ್ಲ. ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಅವರು ಹೇಳಿದ್ದು ಸಸ್ಯಶಾಸ್ತ್ರದ ಮಾತೇ ಸರಿ. ಕಾಫಿ ಗಿಡದಲ್ಲಿ ಎರಡು ಬಗೆಯ ಬೆಳವಣಿಗೆ. ನೇರ ಮೇಲಕ್ಕೆ ಹೋಗುವುದು ಕಾಂಡ. ಅಡ್ಡಕ್ಕೆ ಚಾಚುವುದು ರೆಕ್ಕೆ. ಕಾಂಡದ ಪ್ರತಿ ಗೆಣ್ಣಿನಲ್ಲಿ, ಎಲೆಯ ಕಂಕುಳಲ್ಲಿ ಮೂಲ ರೆಕ್ಕೆಯಾಗಬಲ್ಲ ಮೊಗ್ಗು ಇರುವುದು ಒಂದೇ. ಅದು ಹೋದರೆ ಆ ಜಾಗದಲ್ಲಿ ಹುಟ್ಟುವುದೆಲ್ಲ ಮೇಲಕ್ಕೇ ಹೋಗುವ ಕಂಬಚಿಗುರು. ಹೀಗಾಗಿ ಮೂಲ ರೆಕ್ಕೆಯನ್ನು ಬುಡದಲ್ಲಿ ಕತ್ತರಿಸಿದವನು ಗಿಡ ಮತ್ತೆ ಕೊಡಲಾರದ್ದನ್ನು ಕಿತ್ತುಕೊಂಡಂತೆ. ಆರಡಿಗೆ ಆರಡಿ ಅಂತರದಲ್ಲಿ ಒಂದು ಎಕರೆಗೆ 1210 ಗಿಡ. ಗಿಡಕ್ಕೆ ಎರಡು ರೆಕ್ಕೆ ತಪ್ಪಿ ಹೋದರೂ ಎಕರೆಗೆ 2420 ರೆಕ್ಕೆ. ಮೂರು ಎಕರೆಯ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಲಿ. ನಾವು ಅನೇಕ ರಾತ್ರಿ ಹಾಕಿದ್ದೇವೆ.

ಅದೇ ವರ್ಷ ಮರಗಸಿಯನ್ನೂ ಸ್ವಲ್ಪ ಧಾರಾಳವಾಗಿಯೇ ಮಾಡಿಸಿದ್ದೆವು. ಮೇಲೆ ನೆರಳು ಹೋಯಿತು, ಒಳಗೆ ರೆಕ್ಕೆ ಹೋಯಿತು, ಕಾಂಡದ ಮೇಲೆ ನೇರ ಬಿಸಿಲು ಬಿತ್ತು. ಬಿಳಿ ಕಾಂಡಕೊರಕದ ದುಂಬಿಗೆ ಬೇಕಾದದ್ದೂ ಇದೇ ತಾನೆ? ಬಿಸಿಲು ತಾಗುವ ಕಾಂಡದ ತೊಗಟೆಯ ಬಿರುಕಿನಲ್ಲಿ ಅದು ಮೊಟ್ಟೆ ಇಡುತ್ತದೆ. ಮರಿಹುಳು ಒಳಗೆ ಕೊರೆಯುತ್ತದೆ. ಮುಂದಿನ ಎರಡು ವರ್ಷಗಳಲ್ಲಿ ನೂರಕ್ಕೂ ಮೀರಿ ಗಿಡ ಕಿತ್ತು ಸುಟ್ಟೆವು. ಕಸಿಯಲ್ಲಿ ಉಳಿಸಿದ ಹಣ ಆ ಬೆಂಕಿಯಲ್ಲೇ ಹೋಯಿತು.

ಗುತ್ತಿಗೆ ತಂಡದವರ ಮೇಲೆ ನಮಗೆ ಸಿಟ್ಟಿಲ್ಲ. ದೂರದ ರಾಜ್ಯದಿಂದ ಹೊಟ್ಟೆಪಾಡಿಗೆ ಬಂದವರು. ಅವರಿಗೆ ಕಾಫಿ ಗಿಡದ ಗುಣ ಯಾರು ಹೇಳಿಕೊಟ್ಟಿದ್ದರು? ಗಿಡಕ್ಕೆ ಇಷ್ಟು ಎಂದು ಮಾತಾಡಿದ ಮೇಲೆ ಬೇಗ ಮುಗಿಸಿದಷ್ಟೂ ಅವರಿಗೆ ಲಾಭ. ಒಂದು ಗಿಡದ ಮುಂದೆ ಎರಡು ನಿಮಿಷ ನಿಂತು ಯೋಚಿಸಿದರೆ ನಷ್ಟ. ಯೋಚಿಸಿದವನಿಗೆ ನಷ್ಟವಾಗುವ ಕರಾರನ್ನು ಮಾಡಿಕೊಂಡವರು ನಾವು. ಜೊತೆಯಲ್ಲಿ ನಿಲ್ಲದೆ ಮದುವೆ ಊಟಕ್ಕೆ ಹೋದವರೂ ನಾವೇ.

ಗಿಡ ಕೇಳುವುದೇನು?

ನಮ್ಮ ಹಿರಿಯ ಬೆಳೆಗಾರರಿಗೆ ಇದು ಹೊಸ ಪಾಠವೇನಲ್ಲ. ಆದರೆ ಈಚೆಗೆ ಅಡಿಕೆಯ ನಡುವೆ ಕಾಫಿ ಹಾಕಿದವರು, ಪಟ್ಟಣದಿಂದ ಮರಳಿ ಬಂದು ತೋಟ ನೋಡಿಕೊಳ್ಳುತ್ತಿರುವ ಮಕ್ಕಳು ನಮ್ಮ ಸಂಘದಲ್ಲಿ ಬಹಳ ಮಂದಿ ಇದ್ದಾರೆ. ಅವರಿಗಾಗಿ ನಾಲ್ಕು ಮಾತು.

ಕಾಫಿ ಹೂ ಬಿಡುವುದು ಹಿಂದಿನ ವರ್ಷ ಬೆಳೆದ ರೆಕ್ಕೆಯ ಗೆಣ್ಣುಗಳಲ್ಲಿ. ಒಮ್ಮೆ ಕಾಯಿ ಹೊತ್ತ ಗೆಣ್ಣು ಬಹುಮಟ್ಟಿಗೆ ಮತ್ತೆ ಹೊರುವುದಿಲ್ಲ. ಆದ್ದರಿಂದ ಈ ವರ್ಷ ಗಿಡ ಏಕಕಾಲಕ್ಕೆ ಎರಡು ಕೆಲಸ ಮಾಡಬೇಕು: ಇರುವ ಕಾಯಿಯನ್ನು ಬಲಿಸಬೇಕು, ಬರುವ ವರ್ಷದ ಕಾಯಿಗೆ ಹೊಸ ರೆಕ್ಕೆಯನ್ನೂ ಬೆಳೆಸಬೇಕು. ಹಸುವಿಗೆ ಹಾಲು ಕರೆಯುತ್ತಲೇ ಹೊಟ್ಟೆಯಲ್ಲಿ ಕರು ಬೆಳೆಸುವ ಹೊರೆ ಇದ್ದ ಹಾಗೆ. ಕಸಿ ಮಾಡದೆ ಬಿಟ್ಟ ಗಿಡ ಒಂದು ವರ್ಷ ಸಿಕ್ಕಾಪಟ್ಟೆ ಕಾಯಿ ಹೊರುತ್ತದೆ. ನಾವು ಬೀಗುತ್ತೇವೆ. ಆದರೆ ಅರೇಬಿಕಾ ಗಿಡ ತಾನು ಹೊತ್ತ ಕಾಯಿಯನ್ನು ಸುಲಭವಾಗಿ ಉದುರಿಸುವ ಜಾತಿಯಲ್ಲ. ಎಲೆಯನ್ನಾದರೂ ಉದುರಿಸೀತು, ಕಾಯಿಯನ್ನು ಬಿಡದು. ಕೊನೆಗೆ ರೆಕ್ಕೆಯ ತುದಿ ಕಪ್ಪಾಗಿ ಹಿಂದಕ್ಕೆ ಒಣಗುತ್ತ ಬರುತ್ತದೆ. ಮರುವರ್ಷ ಗಿಡದಲ್ಲಿ ಉಳಿಯುವುದು ಕಡ್ಡಿ ಮಾತ್ರ.

ಕಸಿಯ ಕೆಲಸ ಒಂದೇ ದಿನದ್ದೂ ಅಲ್ಲ. ಗಿಡ ಎಳೆಯದಿದ್ದಾಗ ಸುಮಾರು ಎರಡೂವರೆ ಅಡಿಯಲ್ಲಿ ತಲೆ ಚಿವುಟಿ, ರೆಕ್ಕೆಗಳು ಬಲಿತ ಮೇಲೆ ಒಂದೇ ಒಂದು ಕಂಬಚಿಗುರನ್ನು ಮೇಲಕ್ಕೆ ಬಿಟ್ಟು, ನಾಲ್ಕೂವರೆ ಐದು ಅಡಿಯಲ್ಲಿ ಮತ್ತೆ ನಿಲ್ಲಿಸುವುದು ಅರೇಬಿಕಾದ ವಾಡಿಕೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತು ಕಾಫಿಗೆ ಹೇಳಿ ಮಾಡಿಸಿದಂತಿದೆ. ಆಮೇಲೆ ಪ್ರತಿವರ್ಷ ಸುಗ್ಗಿಯಾದೊಡನೆ ಆರಂಭಿಸಿ ಮಳೆಗಾಲಕ್ಕೆ ಮುಂಚೆ ದೊಡ್ಡ ಕಸಿ. ಒಣಗಿದ್ದು, ರೋಗದ್ದು, ಒಂದರ ಮೇಲೊಂದು ಹೆಣೆದುಕೊಂಡದ್ದು, ಒಳಕ್ಕೆ ತಿರುಗಿದ್ದು, ನೆಲ ಮುಟ್ಟುವುದು, ಕಾಯಿ ಹೊತ್ತು ದಣಿದು ಉದ್ದವಾಗಿ ಜೋತದ್ದು ಇವೆಲ್ಲ ಹೋಗಬೇಕು. ದಣಿದ ರೆಕ್ಕೆಯನ್ನು ಬುಡದಲ್ಲಿ ಕಡಿಯುವುದಲ್ಲ; ಅದರಲ್ಲೇ ಒಳ್ಳೆಯ ಚಿಗುರೊಂದನ್ನು ಹುಡುಕಿ ಅಲ್ಲಿಯವರೆಗೆ ಮಾತ್ರ ಹಿಂದಕ್ಕೆ ಕತ್ತರಿಸಬೇಕು. ಕಾಂಡದ ಸುತ್ತ ಅರ್ಧ ಅಡಿಯೊಳಗೆ ರೆಕ್ಕೆಗಳ ಮೇಲೆ ಹುಟ್ಟಿದ ಒತ್ತು ಚಿಗುರನ್ನು ತೆಗೆದು ನೆತ್ತಿ ಬಿಡಿಸಬೇಕು. ಮಳೆಗಾಲದ ನಡುವೆ ಬಿಡುವು ಸಿಕ್ಕಾಗ ಕಂಬಚಿಗುರು ಮುರಿಯಬೇಕು, ಹೆಚ್ಚಾದ ಎಳೆಚಿಗುರನ್ನು ಕೈಯಲ್ಲೇ ಚಿವುಟಬೇಕು.

ನೆತ್ತಿ ಬಿಡಿಸದ ಗಿಡದೊಳಗೆ ಜುಲೈ ಆಗಸ್ಟ್ ಮಳೆಯಲ್ಲಿ ಗಾಳಿಯಾಡದು. ಎಲೆ ಕಾಯಿ ಅಂಟಿಕೊಂಡು ಕೊಳೆರೋಗ ಹತ್ತುತ್ತದೆ. ಬೋರ್ಡೋ ಸಿಂಪಡಿಸಿದರೂ ಒಳಗಿನ ಎಲೆಯ ಅಡಿಗೆ ಮುಟ್ಟದು. ಸುಗ್ಗಿಯಲ್ಲಿ ಕೊಯ್ಯುವ ಹೆಂಗಸರಿಗೆ ಒಳಗಿನ ಹಣ್ಣು ಕಾಣದು. ಬಿಟ್ಟುಹೋದ ಆ ಹಣ್ಣಿನಲ್ಲೇ ಕಾಯಿಕೊರಕ ಮುಂದಿನ ಬೆಳೆಯವರೆಗೆ ಬೀಡು ಬಿಡುತ್ತದೆ. 1990ರಲ್ಲಿ ನೀಲಗಿರಿಯ ಗೂಡಲೂರು ಕಡೆ ನಮ್ಮ ದೇಶದಲ್ಲಿ ಮೊದಲು ಕಂಡ ಈ ಹುಳು ಮನೆಮಾಡಲು ನಮ್ಮ ಅಲಕ್ಷ್ಯವೂ ನೆರವಾಯಿತು ಎಂದರೆ ತಪ್ಪಲ್ಲ. ಕಡಿಮೆ ಕಸಿಗೆ ಕೊಳೆರೋಗ ಕಾದಿದೆ, ಅತಿ ಕಸಿಗೆ ಕಾಂಡಕೊರಕ ಕಾದಿದೆ. ನಡುವಿನ ಹದವನ್ನು ಬಲ್ಲ ಕೈಯೇ ಕಸಿಗಾರನ ಕೈ.

ಬರುವ ಆಕ್ಷೇಪಗಳು

ಮೊದಲ ಆಕ್ಷೇಪ ನಮಗೆ ಗೊತ್ತು. "ಇಂಥ ಧಾರಣೆ ಇರುವಾಗ ಕಾಯಿ ಬಿಡುವ ರೆಕ್ಕೆಗೆ ಕತ್ತರಿ ಹಾಕುವುದೆ?" ಧಾರಣೆ ಬಂದದ್ದು ನಿಜ. 2024ರಲ್ಲಿ ರೋಬಸ್ಟಾ ಹಿಂದೆಂದೂ ಕಾಣದ ಬೆಲೆ ಕಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ 1977ರ ದಾಖಲೆಯನ್ನು ಮುರಿದು, 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರನ್ನೂ ದಾಟಿತು. ಆದರೆ 1977ರ ಆ ದಾಖಲೆಯ ಕಥೆ ಏನು? 1975ರ ಜುಲೈನಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಗಿಡಗಳು ಸುಟ್ಟವು, ಬೆಲೆ ಏರಿತು. ಅವರ ಗಿಡ ಚಿಗುರಿದಂತೆ ಬೆಲೆ ಇಳಿಯಿತು. 1989ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ಮುರಿದುಬಿದ್ದಾಗ ಧಾರಣೆ ಕುಸಿಯಿತು. 2001ರಲ್ಲಿ ಅದೇ ನ್ಯೂಯಾರ್ಕಿನಲ್ಲಿ ಪೌಂಡಿಗೆ 50 ಸೆಂಟಿಗೂ ಕೆಳಗೆ ಬಂದದ್ದನ್ನು, ಆಗ ಎಷ್ಟೋ ಸಣ್ಣ ತೋಟಗಳು ಸಾಲದಲ್ಲಿ ಮುಳುಗಿದ್ದನ್ನು ನಾವು ಮರೆಯಲಾದೀತೆ? ಧಾರಣೆ ಇರುವಾಗ ಗಿಡವನ್ನು ಹಿಂಡಿದವನ ತೋಟ ಧಾರಣೆ ಇಳಿದಾಗ ಎದ್ದು ನಿಲ್ಲುವುದಿಲ್ಲ. ಕೈಯಲ್ಲಿ ಕಾಸಿರುವ ವರ್ಷವೇ ಕಸಿಗೆ ಖರ್ಚು ಮಾಡಲು ತಕ್ಕ ವರ್ಷ. ಧಾರಣೆ ಇಲ್ಲದಾಗ ಹೇಗೂ ಯಾರೂ ಮಾಡಿಸುವುದಿಲ್ಲವಲ್ಲ!

ಎರಡನೆಯ ಆಕ್ಷೇಪ: "ರೋಬಸ್ಟಾಗೆ ಕಸಿ ಬೇಡ." ಇದು ಅರ್ಧ ಸತ್ಯ. ರೋಬಸ್ಟಾದ ರೆಕ್ಕೆ ಉದ್ದ, ಬೆಳವಣಿಗೆ ಜೋರು. ದಣಿದ ರೆಕ್ಕೆಯನ್ನು ಎಷ್ಟೋ ಬಾರಿ ಗಿಡ ತಾನೇ ಉದುರಿಸುತ್ತದೆ. ಅಲ್ಲಿ ಕತ್ತರಿ ಹಗುರವಾಗಿರಬೇಕು ನಿಜ. ಹಗುರ ಎಂದರೆ ಇಲ್ಲವೇ ಇಲ್ಲ ಎಂದರ್ಥವಲ್ಲ. ಒಣಕಲು, ಬಡಕಲು ರೆಕ್ಕೆ ತೆಗೆಯಬೇಕು, ಎತ್ತರ ಹಿಡಿತದಲ್ಲಿರಬೇಕು, ಕಂಬಚಿಗುರಂತೂ ಮುರಿಯಲೇಬೇಕು.

ಅಡಿಕೆಯ ನಡುವೆ ರೋಬಸ್ಟಾ ಹಾಕಿದ ಬಂಧುಗಳಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ ಅಡಿಕೆಯನ್ನು ಕಾಡುತ್ತಿರುವ ಈ ದಿನಗಳಲ್ಲಿ ಕಾಫಿಯನ್ನು ಜೊತೆಗಿಟ್ಟುಕೊಂಡದ್ದು ಜಾಣತನವೇ. ಆದರೆ ನಾಲ್ಕು ಅಡಿಕೆ ಮರದ ನಡುವೆ ಒಂದು ಕಾಫಿ ನೆಟ್ಟು, ಅಡಿಕೆಗೆ ಹಾಕಿದ ಗೊಬ್ಬರದಲ್ಲೇ ಪಾಲು ಕೊಟ್ಟು, ಕೊಯ್ಲಿಗೆ ಮಾತ್ರ ಬುಟ್ಟಿ ಹಿಡಿದು ಹೋದರೆ ಆಗದು. ಬೆಳಕನ್ನು ಹುಡುಕುತ್ತ ಆ ಗಿಡ ಮನೆಯ ಸೂರಿನೆತ್ತರ ಹೋಗುತ್ತದೆ. ಬುಡದ ರೆಕ್ಕೆ ಬೋಳಾಗುತ್ತದೆ. ಕೊಯ್ಯಲು ಬಗ್ಗಿಸಿದರೆ ಮುರಿಯುತ್ತದೆ. ಅಡಿಕೆ ತೋಟದ ಕಾಫಿಗೆ ಬಯಲು ತೋಟದ ಕಾಫಿಗಿಂತ ಹೆಚ್ಚು ಸಲ ಕಂಬಚಿಗುರು ತೆಗೆಯಬೇಕಾದೀತು. ಮನೆಗೆ ಕರೆದ ಮೇಲೆ ನೆಂಟನಿಗೆ ಎಲೆ ಹಾಕಿ ಬಡಿಸಬೇಕು, ಅಳಿದುಳಿದದ್ದನ್ನು ಕೊಡಬಾರದು.

ಮೂರನೆಯದು, "ಈಗ ಬ್ಯಾಟರಿ ಕತ್ತರಿ ಬಂದಿದೆ, ಕೆಲಸ ಸಲೀಸು" ಎಂಬ ಮಾತು. ನಾವೂ ಒಂದನ್ನು ಕೊಂಡಿದ್ದೇವೆ. ಕೈನೋವು ಕಡಿಮೆ, ಕೆಲಸ ಬೇಗ. ಆದರೆ ಯಾವ ರೆಕ್ಕೆಯನ್ನು ಕತ್ತರಿಸಬಾರದು ಎಂಬ ತಿಳುವಳಿಕೆ ಬ್ಯಾಟರಿಯಿಂದ ಬರುವುದಿಲ್ಲ. ತಿಳಿಯದ ಕೈಗೆ ಅದನ್ನು ಕೊಟ್ಟರೆ ಹಿಂದೆ ಒಂದು ವಾರದಲ್ಲಿ ಆಗುತ್ತಿದ್ದ ಹಾನಿ ಈಗ ಎರಡೇ ದಿನದಲ್ಲಿ ಆಗುತ್ತದೆ.

ಆಗಬೇಕಾದದ್ದು

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ನೂರು ವರ್ಷಗಳಿಂದ ನಮಗೆ ತಳಿ ಕೊಟ್ಟಿದೆ, ಸಲಹೆ ಕೊಟ್ಟಿದೆ. ಆದರೆ ನಮ್ಮ ಎರಡು ಮೂರು ಎಕರೆಯ ಗಿಡಗಳ ಮುಂದೆ ಬಂದು ನಿಂತು ಕತ್ತರಿ ಹಿಡಿಯುವವರು ನಮ್ಮ ಊರಿನವರೇ ಆಗಬೇಕು. ದೊಡ್ಡ ಎಸ್ಟೇಟಿನವರಿಗೆ ರೈಟರು, ಮೇಸ್ತ್ರಿ ಇದ್ದಾರೆ. ಕಸಿಗೆಂದೇ ಆಳು ಇಟ್ಟುಕೊಳ್ಳಬಲ್ಲರು. ಸಣ್ಣ ಬೆಳೆಗಾರನ ತೋಟದಲ್ಲಿ ವರ್ಷಕ್ಕೆ ಕೆಲವೇ ದಿನಗಳ ಕಸಿ ಕೆಲಸ. ಅಷ್ಟಕ್ಕಾಗಿ ಒಬ್ಬ ನುರಿತ ಕಸಿಗಾರ ಅವನೊಬ್ಬನ ಬಳಿ ಉಳಿಯಲಾರ. ಐವತ್ತು ಮಂದಿ ಸೇರಿದರೆ ಉಳಿಯಬಲ್ಲ. ಒಬ್ಬನಿಂದ ಆಗದ್ದನ್ನು ಕೂಡಿ ಮಾಡುವುದಕ್ಕೇ ಅಲ್ಲವೆ ಸಹಕಾರ ಸಂಘ ಎಂದು ಹೆಸರಿಟ್ಟುಕೊಂಡದ್ದು?

ಆದ್ದರಿಂದ ಸಂಘದ ಮುಂದೆ ಈ ಸಲಹೆಗಳನ್ನು ಇಡುತ್ತೇವೆ. ಸದಸ್ಯರ ಮತ್ತು ತೋಟ ಕಾರ್ಮಿಕರ ಮನೆಗಳ ಯುವಕ ಯುವತಿಯರಲ್ಲಿ ಹತ್ತು ಮಂದಿಯನ್ನು ಆರಿಸಿ ಒಂದು ಕಸಿ ತಂಡ ಕಟ್ಟಬೇಕು. ಕಲಿಸುವವರು ನಮ್ಮ ನಡುವೆಯೇ ಇರುವ ಹಳೆಯ ಕಸಿಗಾರರಾಗಲಿ. ಅವರಿಗೆ ಕೆಲಸ ಮಾಡುವ ಶಕ್ತಿ ಕುಂದಿರಬಹುದು, ತೋರಿಸಿ ಹೇಳುವ ಶಕ್ತಿ ಕುಂದಿಲ್ಲ. ಗೌರವಧನ ಕೊಟ್ಟು, ಕುರ್ಚಿ ಹಾಕಿ ಕೂರಿಸಿ ಕಲಿಯೋಣ. ತಂಡಕ್ಕೆ ಕೂಲಿ ದಿನದ ಲೆಕ್ಕದಲ್ಲಿರಲಿ. ಗಿಡದ ಲೆಕ್ಕ ಬೇಡವೇ ಬೇಡ. ಸಾಧಾರಣ ಆಳಿಗಿಂತ ಕೂಲಿ ಹೆಚ್ಚಿರಲಿ. ಮರದಿಂದ ಅಡಿಕೆ ಗೊನೆ ಇಳಿಸುವವನ ಕೌಶಲಕ್ಕೆ ಹೆಚ್ಚು ಕೊಡಲು ಒಪ್ಪುವ ನಾವು ಕಸಿಗಾರನ ಕೌಶಲಕ್ಕೆ ಚೌಕಾಸಿ ಮಾಡುವುದೇಕೆ? ದೂರದಿಂದ ಬಂದ ಕಾರ್ಮಿಕರಲ್ಲೂ ಕಲಿಯಲು ಮನಸ್ಸಿರುವವರನ್ನು ಸೇರಿಸಿಕೊಳ್ಳಬೇಕು. ವರ್ಷ ವರ್ಷವೂ ಬರುವವರು ಅವರೇ ಆಗಿರುವಾಗ ಅವರಿಗೆ ಕಲಿಸದೆ ನಾವು ಗಳಿಸುವುದೇನು?

ಇನ್ನು ಸದಸ್ಯರು ತಾವೇ ಮಾಡಬೇಕಾದ ಒಂದು ಕೆಲಸವಿದೆ. ಯಾರಿಗೇ ಕಸಿ ಕೊಡಲಿ, ಮೊದಲ ಸಾಲಿನ ಹತ್ತು ಗಿಡವನ್ನು ಮಾಲೀಕರು ಮುಂದೆ ನಿಂತು ಮಾಡಿಸಬೇಕು. ಕಂಬದ ರೆಕ್ಕೆಯನ್ನು ಕೈಯಲ್ಲಿ ಹಿಡಿದು "ಇದನ್ನು ಮುಟ್ಟಬಾರದು" ಎಂದು ತೋರಿಸಬೇಕು. ಆ ದಿನ ಮದುವೆ ಇದ್ದರೆ ಮುಯ್ಯಿಯನ್ನು ಬೇರೆಯವರ ಕೈಯಲ್ಲಿ ಕಳಿಸಬಹುದು. ಮದುಮಕ್ಕಳು ಬೇಸರ ಮಾಡಿಕೊಳ್ಳಲಾರರು.

ತೀರಾ ಮುದಿಯಾದ ಗಿಡಗಳಿದ್ದವರು ಎಲ್ಲವನ್ನೂ ಒಮ್ಮೆಗೇ ಕಿತ್ತು ಹಾಕುವ ಆತುರ ಪಡಬೇಕಾಗಿಲ್ಲ. ಬೇರು ಗಟ್ಟಿಯಿದ್ದು ಕೊರಕ ತಾಗದ ಗಿಡವನ್ನು ಮಳೆಗಾಲಕ್ಕೆ ಬಹಳ ಮುಂಚೆಯೇ ನೆಲದಿಂದ ಒಂದಡಿ ಎತ್ತರದಲ್ಲಿ ಓರೆಯಾಗಿ ಕೊಯ್ದು, ಗಾಯಕ್ಕೆ ಬೋರ್ಡೋ ಮುಲಾಮು ಬಳಿದು, ಬಂದ ಚಿಗುರುಗಳಲ್ಲಿ ಒಂದೆರಡನ್ನು ಉಳಿಸಿದರೆ ಹೊಸ ಗಿಡವೇ ಆಗುತ್ತದೆ. ವರ್ಷಕ್ಕೆ ತೋಟದ ನಾಲ್ಕನೆಯ ಒಂದು ಪಾಲು ಹೀಗೆ ಮಾಡಿದರೆ ಮನೆಯ ಆದಾಯ ಒಮ್ಮೆಗೇ ನಿಲ್ಲುವುದಿಲ್ಲ.

ನಮ್ಮ ಮೇಸ್ತ್ರಿಯವರ ಮಗ ಪಟ್ಟಣದಲ್ಲಿ ವಾಹನ ಓಡಿಸುತ್ತಾರೆ, ಒಳ್ಳೆಯ ಸಂಪಾದನೆ. ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಅವರು ತೋಟದ ಕೆಲಸಕ್ಕೆ ಮರಳಲಿ ಎಂದು ಬಯಸುವ ಹಕ್ಕು ನಮಗಿಲ್ಲ, ಬಯಸುವುದೂ ಇಲ್ಲ. ಆದರೆ ಐವತ್ತು ವರ್ಷ ಆ ಕೈಗಳು ಕಲಿತದ್ದನ್ನು ಕೇಳಿ ಇಟ್ಟುಕೊಳ್ಳಲು ನಾವು ಒಂದು ದಿನವೂ ಪಕ್ಕದಲ್ಲಿ ಕೂರಲಿಲ್ಲವಲ್ಲ ಎಂಬ ಕೊರಗು ನಮ್ಮದು. ಈ ಸಲ ಸುಗ್ಗಿ ಮುಗಿದ ಮೇಲೆ ಅವರನ್ನು ಜೀಪಿನಲ್ಲಿ ಕರೆತಂದು ತೋಟದಲ್ಲಿ ಕೂರಿಸಿದೆವು. ಕತ್ತರಿ ನಾವು ಹಿಡಿದೆವು. ಮೊದಲ ದಿನ ಹದಿನಾಲ್ಕು ಗಿಡವಾಯಿತು. ಹದಿನಾಲ್ಕರಲ್ಲಿ ಮೂರು ಕಡೆ "ಅಯ್ಯಾ, ತಡೀರಿ" ಎಂದರು. ಆ ಮೂರು ರೆಕ್ಕೆಗಳು ಉಳಿದವು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಕೋರುತ್ತೇವೆ. ತಮ್ಮ ಊರಿನಲ್ಲಿ ಕಸಿ ಬಲ್ಲ ಹಿರಿಯರು ಯಾರು ಯಾರು ಇದ್ದಾರೆ ಎಂದು ಸದಸ್ಯರು ಸಂಘದ ಕಚೇರಿಗೆ ಈ ತಿಂಗಳೊಳಗೆ ತಿಳಿಸಿದರೆ ಉಪಕಾರವಾದೀತು. ಪಟ್ಟಿ ಉದ್ದವಿರಲಾರದು. ಅದಕ್ಕೇ ಅವಸರ.